ಮೂರನೇ ಟ್ಯಾಂಕಿನ ಕಬ್ಬಿಣ

"ಹಿಂದೆ ಬರ್ತಿದ್ದಾರೆ" ಎಂದುಬಿಟ್ಟಳು.

ಹಾಗೆ ಹೇಳಬೇಕು ಅಂತ ಬಂದಿದ್ದಲ್ಲ. ಕೌಂಟರಿನ ಅಕ್ಕ ಗ್ಲಾಸು ಒರೆಸುತ್ತ ಬಾಗಿಲ ಕಡೆ ಕತ್ತು ಉದ್ದ ಮಾಡಿ, "ಎಲ್ರೀ ನಿಮ್ಮ ನಾಲಿಗೆ ಸಾರ್? ಬಸ್‌ಸ್ಟಾಪಿಂದ ಇಲ್ಲಿಗೆ ಬರೋಕೆ ಇಷ್ಟು ಹೊತ್ತಾ?" ಎಂದು ಕೇಳಿದ್ದಳು. ಗಂಡ ತೀರಿಕೊಂಡರು ಎನ್ನಲು ಒಂದೇ ಮಾತು ಸಾಕಿತ್ತು. ಒಂದೂವರೆ ವರ್ಷದಲ್ಲಿ ಅದನ್ನು ಹಾಲು ಹಾಕುವವನಿಗೆ, ಪಕ್ಕದ ಮನೆಗೆ ಬಂದ ಹೊಸಬರಿಗೆ, ಫೋನು ಮಾಡಿ ಅವನನ್ನೇ ಕೇಳಿದ ಅವನ ಹಳೆಯ ಸ್ನೇಹಿತರಿಗೆ, ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿ ಅಭ್ಯಾಸವಾಗಿತ್ತು. ಇಲ್ಲಿ ಮಾತ್ರ ಬಾಯಿ ಬರಲಿಲ್ಲ.

"ಬರ್ಲಿ ಬರ್ಲಿ. ನೊರೆ ಇಳಿಯೋದ್ರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ನಂಗೇ ಬೈತಾರೆ" ಎಂದು ಅಕ್ಕ ಎರಡು ಹಲಗೆ ಇಟ್ಟಳು. ಒಂದೊಂದು ಹಲಗೆಯಲ್ಲಿ ನಾಲ್ಕು ಪುಟ್ಟ ಗ್ಲಾಸು, ತಿಳಿ ಹಳದಿಯಿಂದ ಕಡು ಕಪ್ಪಿನವರೆಗೆ. ಒಂದು ಹಲಗೆ ಅವಳ ಮುಂದೆ. ಇನ್ನೊಂದು ಎದುರಿನ ಖಾಲಿ ಕುರ್ಚಿಯ ಮುಂದೆ.

ಗಂಡ ಹೆಂಡತಿ ಇಬ್ಬರೂ ಸೇರಿ ನಾಲ್ಕು ವರ್ಷ, ವರ್ಷಕ್ಕೊಂದು ಸಲ, ಈ ಸೀಮೆಗೆ ಬಂದಿದ್ದರು. ಇಲ್ಲಿ ಊರಿಗೊಂದರಂತೆ ಸಣ್ಣ ಸಣ್ಣ ಬ್ರೂವರಿಗಳು. ಮನೆಯವರೇ ಬಾರ್ಲಿ ಕುದಿಸಿ, ಮನೆಯವರೇ ಹುಳಿಯಲು ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮೇಜು ಹಾಕಿ ಬಿಯರ್ ಕೊಡುವ ಜಾಗಗಳು. ಇಬ್ಬರೂ ಕುಡಿಯುವವರಾದ್ದರಿಂದ ಕಾರಿನ ಗೋಜಿಗೆ ಹೋಗದೆ ಬಸ್ಸಿನಲ್ಲೇ ಸುತ್ತುತ್ತಿದ್ದರು. ಮೂರು ಬ್ರೂವರಿ, ಆರು ದಿನ. ಅವಸರವಿಲ್ಲ.

ಅವನದು ಚಹಾ ಪೊಟ್ಟಣ ಮಾಡುವ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಬೆಳಿಗ್ಗೆ ಹತ್ತರೊಳಗೆ ನಲವತ್ತು ಬಟ್ಟಲು. ಚಮಚದಲ್ಲಿ ಎತ್ತಿ ಸುರ್ರೆಂದು ಎಳೆದುಕೊಂಡು, ಬಾಯಲ್ಲಿ ಹೊರಳಿಸಿ ಉಗಿಯುವುದು. ಆ 'ಸುರ್ರ್' ಬಿಯರಿಗೂ ಬಂದಿತ್ತು, ಉಗಿಯುವುದೊಂದು ಬಿಟ್ಟು. ಮೊದಲ ವರ್ಷ ಇದೇ ಕೋಣೆಯಲ್ಲಿ ಆ ಸದ್ದಿಗೆ ನಾಲ್ಕೂ ಮೇಜಿನವರು ತಿರುಗಿ ನೋಡಿದಾಗ ಅವಳಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಎನಿಸಿತ್ತು. ಅವನು ಮಾತ್ರ ಗ್ಲಾಸು ಇಳಿಸಿ, "ನೀರಿನ ತೊಟ್ಟಿ ತೊಳೆದು ಒಂದು ವಾರ ಆಯ್ತಾ ಅಕ್ಕಾ? ಬ್ಲೀಚಿಂಗ್ ಪುಡಿ ಇನ್ನೂ ಸ್ವಲ್ಪ ಉಳಿದಿದೆ" ಎಂದಿದ್ದ. ಅಕ್ಕ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ತೊಟ್ಟಿ ತೊಳೆದು ಎಂಟು ದಿನವಾಗಿತ್ತು. ಅವತ್ತೇ ಉಳಿದೆರಡು ಬ್ರೂವರಿಗೂ ಫೋನು ಹೋಯಿತು. ನಾಲಿಗೆ ಸಾರ್ ಎಂಬ ಹೆಸರು ಅವರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು.

ಈಗ ಅವಳು ತನ್ನ ಹಲಗೆಯ ನಾಲ್ಕನ್ನೂ ಮುಗಿಸಿದಳು. ಅಕ್ಕ ಹಿಂದಿನ ಕೋಣೆಗೆ ಹೋದದ್ದು ನೋಡಿ, ಎದುರಿನ ಹಲಗೆಯ ಒಂದೊಂದು ಗ್ಲಾಸಿನಿಂದಲೂ ಒಂದೊಂದು ಗುಟುಕು ಕುಡಿದು ಅಲ್ಲೇ ಇಟ್ಟಳು.

"ಅಯ್ಯೋ, ಬಂದು ಹೋದ್ರಾ?" ಎಂದಳು ಅಕ್ಕ, ಬಂದವಳೇ ಗ್ಲಾಸು ನೋಡಿ.

"ಫೋನ್ ಬಂತು. ಹೊರಗೆ ಹೋದ್ರು."

"ನನ್ನ ಮುಖ ನೋಡದೇನೇ! ಇರ್ಲಿ, ವಾಪಸ್ ಬರ್ತಾ ಕಿವಿ ಹಿಂಡ್ತೀನಿ ಅಂತ ಹೇಳಿ."

ಹೇಳ್ತೀನಿ ಎಂದಳು.

*

ಅವಳು ಒಬ್ಬಳೇ ಹೊರಟುಬಂದದ್ದಕ್ಕೆ ಕಾರಣ ಒಂದು ಅಂಕಿ.

ತಿಂಗಳ ಹಿಂದೆ ಅವನ ಆಫೀಸಿನವರು ಕೇಳಿದ ಯಾವುದೋ ಕಾಗದಕ್ಕಾಗಿ ಆಸ್ಪತ್ರೆಗೆ ಹೋಗಿದ್ದಳು. ಗುಮಾಸ್ತ ಹಳೆಯ ಫೈಲು ತೆಗೆದು ಮುಂದಿಟ್ಟ. ಮೊದಲ ಹಾಳೆಯಲ್ಲಿ, ಅವನು ಮೊದಲ ಸಲ ಅಲ್ಲಿಗೆ ಹೋದ ತಾರೀಖು. ತಿಂಗಳಿನ ಜಾಗದಲ್ಲಿ ಮೂರು ಇತ್ತು. ಅಥವಾ ಎಂಟು. ಶಾಯಿ ಕಲಸಿಹೋಗಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಬಂದವರ ಕಣ್ಣಿಗೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವವಳು. ಆ ಅಂಕಿಯನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿದಳು, ದೂರ ಹಿಡಿದಳು. ಮೂರು. ಎಂಟು.

ಅವನು ಕಾಯಿಲೆಯ ವಿಷಯ ಅವಳಿಗೆ ಹೇಳಿದ್ದು ಆಗಸ್ಟಿನಲ್ಲಿ. "ನಿನ್ನೆ ಗೊತ್ತಾಯ್ತು" ಎಂದಿದ್ದ. ಅವರ ಕೊನೆಯ ಪ್ರವಾಸ ಅದೇ ವರ್ಷದ ಮೇ ತಿಂಗಳಿನದು. ಎಂಟಾದರೆ ಆ ಆರು ದಿನ ಅವನಿಗೇನೂ ಗೊತ್ತಿರಲಿಲ್ಲ. ಮೂರಾದರೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಕ್ಕಿದ್ದ, ಗೊತ್ತಿದ್ದೂ ಅವಳ ಕೈ ಹಿಡಿದು ನಡೆದಿದ್ದ.

ಅವಳ ಬಳಿ ಉಳಿದಿದ್ದು ಆ ಆರು ದಿನ. ಅದರ ಆಚೆಗಿನದೆಲ್ಲ ಆಸ್ಪತ್ರೆ.

ಗುಮಾಸ್ತನನ್ನು ಕೇಳಬಹುದಿತ್ತು. ಇನ್ನೊಂದು ರಿಜಿಸ್ಟರು ಇರುತ್ತದೆ, ಅದರಲ್ಲಿ ನೋಡಿ ಹೇಳುತ್ತಿದ್ದ. ಕೇಳಲಿಲ್ಲ. ಕಾಗದ ತೆಗೆದುಕೊಂಡು ಮನೆಗೆ ಬಂದಳು. ಆಮೇಲೆ ರಾತ್ರಿ ಹಗಲೂ ಆ ಆರು ದಿನವನ್ನು ಉಂಡೆ ನೂಲಿನಂತೆ ಬಿಚ್ಚಿ ಸುತ್ತಿ ಮಾಡುತ್ತ ಕೂತಳು. ಬೆಳಿಗ್ಗೆ ಅವನೊಂದು ಮಾತ್ರೆ ನುಂಗುತ್ತಿದ್ದ, ಹೌದು. "ಗ್ಯಾಸು ಕಣೇ" ಎನ್ನುತ್ತಿದ್ದ. ದಿನಾ ನಲವತ್ತು ಬಟ್ಟಲು ಚಹಾ ಬಾಯಿಗೆ ಹಾಕುವವನಿಗೆ ಗ್ಯಾಸು ಆಗದೆ ಇನ್ನೇನು ಎಂದು ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಮನೆಯ ನಾಲ್ಕು ಗೋಡೆಯ ಮಧ್ಯೆ ಕೂತು ಯೋಚಿಸಿದಷ್ಟೂ ನೆನಪು ಸವೆಯುತ್ತಿದೆ ಎನಿಸಿದಾಗ, ಅವೇ ಜಾಗಕ್ಕೆ ಹೋಗಿ ಅವೇ ಕುರ್ಚಿಯಲ್ಲಿ ಕೂತು ನೋಡೋಣ ಎಂದು ಬಸ್ಸು ಹತ್ತಿದ್ದಳು.

ಮಾರನೆಯ ದಿನದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ತಾನು ಈಚೆ ಕೂತಳು. ಕಿಟಕಿ ಪಕ್ಕ ಯಾವಾಗಲೂ ಅವನದು. ನಡುದಾರಿಯಲ್ಲಿ ಒಬ್ಬ ಹೆಂಗಸು ಹತ್ತಿ, "ಯಾರಾದ್ರೂ ಇದ್ದಾರಾ ಇಲ್ಲಿ?" ಎಂದಳು.

"ಇದ್ದಾರೆ."

ಹೆಂಗಸು ಚೀಲವನ್ನೂ ಅವಳನ್ನೂ ಒಂದು ಸಲ ನೋಡಿ ಹಿಂದಕ್ಕೆ ಹೋದಳು.

*

ಎರಡನೆಯ ಬ್ರೂವರಿ ಅಣ್ಣ ತಮ್ಮಂದಿರದು. ಅಣ್ಣನಿಗೆ ತಮ್ಮನನ್ನು ಕಂಡರಾಗದು, ತಮ್ಮನಿಗೆ ಅಣ್ಣನಿಲ್ಲದಿದ್ದರೆ ಆಗದು. ಹದಿನೈದು ವರ್ಷದಿಂದ ಹೀಗೇ ನಡೆದಿತ್ತು. ಗಿರಾಕಿಗಳ ಮೂಲಕವೇ ಅವರಿಬ್ಬರ ಜಗಳ.

"ನೋಡಿದ್ರಾ ಮೇಡಂ, ಸಾರ್ ಬರ್ತಾರೆ ಅಂತ ಅಕ್ಕ ನಿನ್ನೆನೇ ಫೋನ್ ಮಾಡಿದ್ಲು. ಇವನಿಗೆ ಹೇಳಿದೆ, ಒಂದು ಒಳ್ಳೆ ಕುರ್ಚಿ ತಂದಿಡೋ ಅಂತ. ಇದನ್ನ ತಂದಿಟ್ಟಿದ್ದಾನೆ. ಮೂರು ಕಾಲಿಂದು!" ಎಂದ ಅಣ್ಣ.

"ನಾಲ್ಕನೇ ಕಾಲು ಮುರಿದೋರು ಯಾರು ಅಂತ ಅವರನ್ನೇ ಕೇಳಿ ಮೇಡಂ. ಮೇಲೆ ಕೂತು ಮುರಿದಿದ್ದು ನಾನಂತೂ ಅಲ್ಲ. ನನ್ನ ತೂಕ ನೋಡಿದ್ರೇ ಗೊತ್ತಾಗುತ್ತೆ."

ಅವಳು ನಕ್ಕಳು. ನಗು ಬಂತಲ್ಲ ಎಂದು ತನಗೇ ಆಶ್ಚರ್ಯವಾಯಿತು.

"ಸಾರ್ ಎಲ್ಲಿ?" ಇಬ್ಬರೂ ಒಟ್ಟಿಗೆ ಕೇಳಿದರು.

"ಮುಂದಿನ ಬಸ್ಸಿಗೆ ಬರ್ತಾರೆ. ತಲೆನೋವು ಅಂದ್ರು."

ನಿನ್ನೆಗಿಂತ ಇವತ್ತು ಸುಳ್ಳು ಸಲೀಸಾಗಿ ಬಂತು. ಅದಕ್ಕೆ ತಲೆನೋವು ಕೂಡ ಬಂದುಬಿಟ್ಟಿತ್ತು. ಇಲ್ಲಿಗೆ ಬರುವವರೆಗೆ ಅವನು ಸತ್ತಿದ್ದ. ಈಗ ಎಲ್ಲೋ ಒಂದು ಲಾಡ್ಜಿನ ಕೋಣೆಯಲ್ಲಿ ಪರದೆ ಎಳೆದು ಹಣೆ ಒತ್ತಿಕೊಳ್ಳುತ್ತ ಮಲಗಿದ್ದ. ಒಂದು ಬಸ್ಸಿನಷ್ಟು ಹಿಂದೆ.

ಬಾರ್ಲಿ ಮೂಟೆಗಳ ಕಡೆಗೆ ಬೆನ್ನು ಹಾಕಿ ಕೂತು ಮೊದಲ ಗ್ಲಾಸು ಎತ್ತಿದಳು. ಬೆನ್ನ ಹಿಂದೆ 'ಸುರ್ರ್' ಎಂದಿತು.

ತಿರುಗಿದಳು. ಮೂಟೆಗಳು. ಅವುಗಳ ಮೇಲೆ ಕಿಟಕಿಯ ಬಿಸಿಲು. ಇನ್ಯಾರೂ ಇಲ್ಲ.

"ಏನಾಯ್ತು ಮೇಡಂ?"

"ಏನಿಲ್ಲ." ಗ್ಲಾಸು ಕೆಳಗಿಟ್ಟಳು. "ಒಂದು ಕೇಳಲಾ? ಹೋದ ಸಲ ನಾವು ಬಂದಾಗ... ಅವರು ಹೇಗಿದ್ರು? ಯಾವಾಗಿನ ಹಾಗೇ ಇದ್ರಾ?"

ಅಣ್ಣ ಗಲ್ಲ ಕೆರೆದುಕೊಂಡ. "ಸಪ್ಪಗಿದ್ರಪ್ಪ. ಏನೋ ಯೋಚನೇಲಿ ಇದ್ದ ಹಾಗೆ."

"ಮೇಡಂ, ಅವರ ಮಾತು ಕೇಳಬೇಡಿ. ಸಾರ್ ನಗಿಸಿ ನಗಿಸಿ ನನ್ನ ಹೊಟ್ಟೆ ಹುಣ್ಣಾಗಿತ್ತು. ನೊಣದ ಜೋಕು ಹೇಳಿದ್ರಲ್ಲ?"

"ಅದು ಅದರ ಹಿಂದಿನ ವರ್ಷ ಅಂತ ಹೇಳಿ ಅವನಿಗೆ."

"ಹಿಂದಿನ ವರ್ಷ ಇವರು ಇರಲೇ ಇಲ್ಲ. ಹೆಂಡತಿ ತವರಲ್ಲಿ ಬಿದ್ದಿದ್ರು. ಕೇಳಿ ಬೇಕಾದ್ರೆ."

ಜಗಳ ಅಣ್ಣನ ಹೆಂಡತಿಯ ತವರಿಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಅವಳ ಪ್ರಶ್ನೆ ಅಲ್ಲೇ ಮೇಜಿನ ಮೇಲೆ ಉಳಿಯಿತು. ಒಬ್ಬನಿಗೆ ಸಪ್ಪಗೆ ಕಂಡವನು ಇನ್ನೊಬ್ಬನಿಗೆ ನಗಿಸುತ್ತ ಕಂಡಿದ್ದ. ಅವಳ ನೆನಪೂ ಹಾಗೇ ಆಗಿತ್ತಲ್ಲ, ಹಿಡಿದ ಕೋನಕ್ಕೆ ತಕ್ಕ ಹಾಗೆ.

ಹೊರಡುವಾಗ ಅಣ್ಣ ಬಾಗಿಲವರೆಗೆ ಬಂದ. "ಮೇಡಂ, ಮೂರನೇ ಊರಿಗೆ ಮಾತ್ರ ತಪ್ಪಿಸಬೇಡಿ. ಸಾರನ್ನ ಎಳಕೊಂಡಾದ್ರೂ ಹೋಗಿ. ಅಲ್ಲಿ ಬ್ರೂವರಿ ಮಾವ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದಾರೆ. ಎರಡು ವರ್ಷ ಆದ್ಮೇಲೆ ಆ ಕೆಂಪು ಬಿಯರ್ ಮತ್ತೆ ಮಾಡಿದ್ದಾರೆ. ಮೊದಲನೇ ಗ್ಲಾಸು ಸಾರಿಗೇ ಅಂತ ಹಟ. ಸ್ವಂತ ಮಗನಿಗೂ ಕೊಟ್ಟಿಲ್ಲ."

"ಎರಡು ವರ್ಷ ಯಾಕೆ ಮಾಡಿರಲಿಲ್ಲ?"

"ನಿಮಗೆ ಗೊತ್ತಿಲ್ವಾ?" ಅವನು ಅವಳ ಮುಖ ನೋಡಿ ಮಾತು ನುಂಗಿದ. "ಅವರೇ ಹೇಳ್ತಾರೆ ಬಿಡಿ."

*

ಮೂರನೆಯ ಊರಿನ ನೆನಪು ಮಾತ್ರ ಅವಳಿಗೆ ಯಾವ ಕೋನದಿಂದ ಹಿಡಿದರೂ ಒಂದೇ ಥರ ಕಾಣುತ್ತಿತ್ತು.

ಅದು ಆ ಪ್ರವಾಸದ ಐದನೆಯ ದಿನ. ಮಾವನ ಬ್ರೂವರಿಯ ಅಂಗಳದಲ್ಲಿ ಬೇಯಿಸಿ ಬಸಿದ ಬಾರ್ಲಿಯನ್ನು ರಾಶಿ ಹಾಕಿದ್ದರು. ರಾಶಿಯಿಂದ ಹಬೆ ಏಳುತ್ತಿತ್ತು. ಅವಳು ಅದರ ಫೋಟೋ ತೆಗೆಯುತ್ತ ಹೊರಗುಳಿದಳು. ಅವನು ಮಾವನ ಜೊತೆ ಟ್ಯಾಂಕುಗಳಿರುವ ಕೋಣೆಗೆ ಹೋದ. ಕಾಲು ಗಂಟೆಯ ಮೇಲೆ ಹೊರಬಂದವನ ಮುಖ ತೊಳೆದಿಟ್ಟ ಹಾಗಿತ್ತು. "ಇಡೀ ಪ್ರವಾಸದಲ್ಲಿ ಇದರಂಥದ್ದು ಇನ್ನೊಂದಿಲ್ಲ ಕಣೇ" ಎಂದು ಅವಳ ಮುಂದೆ ಗ್ಲಾಸು ಹಿಡಿದ. ತಾನು ಇನ್ನೂ ಎರಡು ಕುಡಿದ. ಬಸ್ಸಿಗೆ ಕಾಯುವುದೇ ಬೇಡ ಎಂದು ಮೂರು ಸ್ಟಾಪು ನಡೆಸಿದ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಸೇತುವೆಯ ಹತ್ತಿರ ಇದ್ದಕ್ಕಿದ್ದಂತೆ ನಿಂತು, "ಮುಂದಿನ ವರ್ಷ ಮೂರು ಟಿಕೆಟ್ ತಗೋಬೇಕಾಗುತ್ತೇನೋ" ಎಂದ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಬೆನ್ನಿಗೊಂದು ಗುದ್ದಿದಳು. ಮಗುವಿನ ಮಾತು ಅವನಾಗಿ ಎತ್ತಿದ್ದು ಅದೇ ಮೊದಲು.

ಅವಳಿಗೆ ಬೇಕಾಗಿದ್ದ ಉತ್ತರವೆಲ್ಲ ಆ ಒಂದು ಮಾತಿನ ಬಗ್ಗೆ. ಸಾಯುತ್ತೇನೆ ಎಂದು ತಿಳಿದೂ ಆ ಮಾತು ಆಡಿದನೇ? ಹಾಗಾದರೆ ಅದು ಮಗುವಿಗೆ ಚಂದ್ರನನ್ನು ತೋರಿಸಿದ ಹಾಗೆ, ಸುಮ್ಮನಿರಲಿ ಎಂದು. ತಿಳಿಯದೆ ಆಡಿದ್ದರೆ ಅದು ಅವಳದು. ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸು ಇಳಿದಳು. ಗೇಟಿನಲ್ಲಿ ಮಾವನ ಸೊಸೆ ಸಿಕ್ಕಳು. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ಈ ಬ್ರೂವರಿಯ ಲೆಕ್ಕ, ಪರೀಕ್ಷೆ, ತೊಳೆಯುವುದು ಬಳಿಯುವುದು ಎಲ್ಲ ಅವಳದೇ. ಗಂಡ ಲಾರಿಯಲ್ಲಿ ಬಿಯರ್ ಸಾಗಿಸುತ್ತ ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ. ಈ ಸೊಸೆ ಮಾವ ಎಂದು ಕರೆದು ಕರೆದು ಆ ಹಿರಿಯರಿಗೆ ಊರಿಗೆಲ್ಲ ಅದೇ ಹೆಸರಾಗಿತ್ತು.

"ಅಕ್ಕಾ, ಬಂದ್ರಾ! ಎಷ್ಟು ಸೊರಗಿಬಿಟ್ಟಿದ್ದೀರಿ. ಸಾರ್?"

"ಬರ್ತಾರೆ" ಎಂದಳು. ಆ ಮಾತು ಈಗ ತಾನಾಗಿಯೇ ಹೊರಡುತ್ತಿತ್ತು.

"ಮಾವಾ! ಬಂದ್ರು!" ಎಂದು ಸೊಸೆ ಒಳಗೆ ಕೂಗಿದಳು. ಒಳಗಿನಿಂದ, "ಬಂದೆ, ಗ್ಲಾಸು ತೊಳೀತಿದ್ದೀನಿ!" ಎಂದು ದನಿ ಬಂತು. ಸೊಸೆ ತಗ್ಗಿದ ದನಿಯಲ್ಲಿ, "ಬೆಳಿಗ್ಗೆಯಿಂದ ಮೂರು ಸಲ ತೊಳೆದಿದ್ದಾರೆ. ಗಡ್ಡ ಮಾಡಿಕೊಂಡಿದ್ದಾರೆ ನೋಡಿ, ಮದುವೆ ಗಂಡಿನ ಹಾಗೆ. ಅಕ್ಕಾ, ಒಂದು ಉಪಕಾರ ಮಾಡಿ. ಬಿಯರ್ ಹೇಗೇ ಇರ್ಲಿ, ಚೆನ್ನಾಗಿದೆ ಅಂತ ಸಾರಿಗೆ ಹೇಳೋಕೆ ಹೇಳಿ. ಇನ್ನೊಂದು ಸಲ ಕಬ್ಬಿಣ ಅಂದ್ರೆ ಈ ಮನೆ ಉಳಿಯೋದಿಲ್ಲ" ಎಂದಳು.

"ಕಬ್ಬಿಣ?"

"ಸಾರ್ ನಿಮಗೂ ಹೇಳಿಲ್ವಾ?" ಸೊಸೆ ಪೈಪಿನ ನೀರು ನಿಲ್ಲಿಸಿದಳು. "ಅವತ್ತು ನೀವು ಇಲ್ಲೇ ಫೋಟೋ ತೆಗೀತಿದ್ರಿ. ಒಳಗೆ ಸಾರ್ ಮೂರನೇ ಟ್ಯಾಂಕಿಂದ ಒಂದು ಗ್ಲಾಸು ಕುಡಿದು, ಬಿಯರಲ್ಲಿ ಕಬ್ಬಿಣದ ರುಚಿ ಬರ್ತಿದೆ ಅಂದ್ರಂತೆ. ಅಷ್ಟೇ. ಮಾರನೇ ದಿನ ಬೆಳಿಗ್ಗೆ ಮಾವ ಇಡೀ ಟ್ಯಾಂಕು ಮೋರಿಗೆ ಬಿಟ್ರು. ಸಾವಿರ ಲೀಟರು! ಮೋರಿ ನೊರೆ ಕಟ್ಟಿ ಬೀದಿ ನಾಯಿಯೆಲ್ಲ ಅಮಲೇರಿ ಮಲಗಿದ್ವು. ಆಮೇಲೆ ಪೈಪು ಬದಲಾಯ್ತು, ನೀರಿಗೆ ಹೊಸ ಫಿಲ್ಟರು ಬಂತು. ನಾನು ನೀರು, ಬಿಯರು ಎರಡನ್ನೂ ಲ್ಯಾಬಿಗೆ ಕಳಿಸಿದೆ. ಕಬ್ಬಿಣ ಇಲ್ಲ ಅಂತ ಬರೆದು ಕೊಟ್ರು. ಮಾವನಿಗೆ ತೋರಿಸಿದ್ರೆ ಏನಂದ್ರು ಗೊತ್ತಾ? ಲ್ಯಾಬಿಗೆ ನಾಲಿಗೆ ಇದೆಯಾ ಅಂದ್ರು!"

ಸೊಸೆ ನಗುತ್ತಿದ್ದಳು. ಅವಳು ಗೇಟಿನ ಸರಳು ಹಿಡಿದುಕೊಂಡಳು.

ಆ ವರ್ಷ ಸೆಪ್ಟೆಂಬರಿನಲ್ಲಿ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು. "ಈ ಮಾತ್ರೆಗೆ ಬಾಯಿ ಕಬ್ಬಿಣ ಕಬ್ಬಿಣ ಆಗುತ್ತೆ. ಕೆಲವರಿಗೆ ಮೊದಲ ವಾರದಲ್ಲೇ, ಕೆಲವರಿಗೆ ಒಂದೆರಡು ತಿಂಗಳಾದ ಮೇಲೆ. ಅದೃಷ್ಟ ಇದ್ದವರಿಗೆ ಆಗೋದೇ ಇಲ್ಲ." ಅವತ್ತು ಅವಳು ಅಳು ತಡೆದುಕೊಂಡು ಅವನ ಕಡೆ ನೋಡಿದ್ದಳು. ನಾಲಿಗೆಯಿಂದಲೇ ಬದುಕುವವನು. ಅವನು ಮಾತ್ರ ಹಳೆಯ ಸುದ್ದಿ ಕೇಳುವವನ ಹಾಗೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಅದೇ ಸಂಜೆಯಿಂದ ಅವನ ಬಾಯಿಗೆ ಅನ್ನ ಕಬ್ಬಿಣ, ನೀರು ಕಬ್ಬಿಣ. ಸ್ಟೀಲು ಚಮಚಗಳನ್ನೆಲ್ಲ ತೆಗೆದಿಟ್ಟು ಮರದ ಚಮಚ ತಂದಿದ್ದಳು.

ಸೆಪ್ಟೆಂಬರಿನಲ್ಲಿ ಶುರುವಾದದ್ದು ಎಂದುಕೊಂಡಿದ್ದಳು.

ಫೈಲಿನ ಅಂಕಿ ಮೂರು. ಬೇರೆ ಯಾವ ರಿಜಿಸ್ಟರೂ ಬೇಕಾಗಿರಲಿಲ್ಲ.

*

ಟ್ಯಾಂಕಿನ ಕೋಣೆ ತಣ್ಣಗಿತ್ತು. ಸಾಲಾಗಿ ನಾಲ್ಕು ಟ್ಯಾಂಕು, ಮೇಲೆ ಬಣ್ಣದಲ್ಲಿ ಬರೆದ ಅಂಕಿ. ನೆಲ ಇನ್ನೂ ಒದ್ದೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡು ಗ್ಲಾಸುಗಳನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಮೂರನೆಯ ಟ್ಯಾಂಕಿನ ಮುಂದೆ ನಿಂತಿದ್ದರು. ಅವಳ ಹಿಂದೆ ಬಾಗಿಲ ಕಡೆಗೇ ಅವರ ಕಣ್ಣು.

"ಬಾಮ್ಮಾ, ಬಾ. ಎಲ್ಲಿ ಅವರು? ಚಪ್ಪಲಿ ಬಿಡ್ತಿದ್ದಾರಾ?"

"ಅವರು ಬರೋದಿಲ್ಲ" ಎಂದಳು. "ತೀರಿಕೊಂಡ್ರು. ಒಂದೂವರೆ ವರ್ಷ ಆಯ್ತು."

ಬಾಗಿಲಲ್ಲಿದ್ದ ಸೊಸೆ, "ಅಯ್ಯೋ ದೇವರೇ" ಎಂದಳು. "ಈಗ ತಾನೇ ಬರ್ತಾರೆ ಅಂದ್ರಲ್ಲ ಅಕ್ಕಾ?"

"ಅಂದೆ. ಮೂರು ದಿನದಿಂದ ಎಲ್ಲರಿಗೂ ಅದನ್ನೇ ಹೇಳ್ಕೊಂಡು ಬಂದೆ."

ಮಾವ ಗ್ಲಾಸುಗಳನ್ನು ನಿಧಾನವಾಗಿ ಸ್ಟೂಲಿನ ಮೇಲಿಟ್ಟರು. ತಾವೂ ಅದರ ಪಕ್ಕ ಕೂತರು. ಕೂತ ಮೇಲೆ ಎಷ್ಟು ಮುದುಕರು ಎಂದು ಗೊತ್ತಾಯಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಕಬ್ಬಿಣ ಟ್ಯಾಂಕಿನಲ್ಲೇ ಇತ್ತು ಎಂದು ಇವರು ನಂಬಿದ್ದಾರೆ. ಅವಳೂ ಹಾಗೇ ನಂಬಿಕೊಂಡು ಬಸ್ಸು ಹತ್ತಬಹುದಿತ್ತು. ಆಗ ಅವನಿಗೆ ಮೇ ತಿಂಗಳಲ್ಲಿ ಏನೂ ಗೊತ್ತಿರಲಿಲ್ಲ, ಸೇತುವೆಯ ಹತ್ತಿರ ಆಡಿದ ಮಾತು ಮಾತೇ. ಲ್ಯಾಬಿಗೆ ನಾಲಿಗೆ ಇಲ್ಲ. ಆದರೆ ಎರಡು ವರ್ಷ ತನ್ನ ನೀರನ್ನು, ತನ್ನ ಪೈಪನ್ನು, ತನ್ನ ಕೈಯನ್ನು ಅನುಮಾನಿಸಿಕೊಂಡು ಬದುಕಿದ ಮನುಷ್ಯ ಎದುರಿಗೆ ಕೂತಿದ್ದರು.

"ನಿಮ್ಮ ಟ್ಯಾಂಕಲ್ಲಿ ಕಬ್ಬಿಣ ಇರಲಿಲ್ಲ" ಎಂದಳು. "ಅದು ಅವರ ಬಾಯಲ್ಲಿತ್ತು. ಮಾತ್ರೆ ತಗೊಳ್ತಿದ್ರು. ಆ ಮಾತ್ರೆಗೆ ಹಾಗಾಗುತ್ತೆ. ಆಗ ನನಗೆ ಗೊತ್ತಿರಲಿಲ್ಲ. ಈಗ ನಿಮ್ಮ ಸೊಸೆ ಹೇಳಿದ ಮೇಲೇ ಗೊತ್ತಾಗಿದ್ದು. ನಿಮ್ಮ ಬಿಯರ್ ಸರಿಯಾಗೇ ಇತ್ತು."

ಸೊಸೆಗೆ ತಡೆಯಲಾಗಲಿಲ್ಲ. "ಮಾವಾ, ನಾನು ಹೇಳಿರಲಿಲ್ವಾ? ಬಡ್ಕೊಂಡೆ ಅಲ್ವಾ? ಇಲ್ಲ ಇಲ್ಲ, ನಂಗೂ ಬರ್ತಿದೆ ಕಬ್ಬಿಣ, ನಂಗೂ ಬರ್ತಿದೆ ಅಂತ ನನ್ನ ಬಾಯಿ ಮುಚ್ಚಿಸಿದ್ರಿ! ಎಲ್ಲಿಂದ ಬಂತು ನಿಮಗೆ? ಹಾಂ? ನೀವು ಯಾವ ಮಾತ್ರೆ ತಗೊಂಡಿದ್ರಿ?"

ಮಾವ ತಲೆ ಎತ್ತಲಿಲ್ಲ.

"ಬಂದಿರಲಿಲ್ಲ ಕಣಮ್ಮಾ" ಎಂದರು.

"ಏನು ಬಂದಿರಲಿಲ್ಲ?"

"ಕಬ್ಬಿಣ. ನಂಗೆ ಬಂದಿರಲೇ ಇಲ್ಲ. ಸುಳ್ಳು ಹೇಳಿದೆ." ಈಗ ಅವರು ಸೊಸೆಯ ಕಡೆಗಲ್ಲ, ಅವಳ ಕಡೆ ನೋಡುತ್ತಿದ್ದರು. "ಅವರು ಒಂದು ಗುಟುಕು ಎಳ್ಕೊಂಡ್ರು. ನಿಂತುಬಿಟ್ರು. ಇನ್ನೊಂದು ಗುಟುಕು. ಬಣ್ಣ ಇಳಿದುಹೋಯ್ತು ಮುಖದ್ದು. 'ಯಜಮಾನ್ರೇ, ಇದರಲ್ಲಿ ಕಬ್ಬಿಣ ಬರ್ತಿದೆಯಾ ನೋಡಿ' ಅಂದ್ರು. ಕುಡಿದು ನೋಡಿದೆ. ಏನೂ ಇಲ್ಲ. ಇನ್ನೊಂದು ಸಲ ನೋಡಿ ಅಂದ್ರು. ಗ್ಲಾಸು ಮತ್ತೆ ತುಂಬಿಸಿ ಅವರೇ ನನ್ನ ಕೈಗಿಟ್ರು. 'ಸರಿಯಾಗಿ ನೋಡಿ, ನಿಜ ಹೇಳಿ, ನಿಮಗೂ ಬರ್ತಿದೆ ತಾನೇ?' ಅಂದ್ರು. ನಲವತ್ತು ವರ್ಷ ಬಿಯರ್ ಮಾಡಿದವನು ನಾನು. ಅಂಥ ನಾಲಿಗೆಯವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ ಅಂತ ಹೇಗೆ ಒಪ್ಕೊಳ್ಳಲಿ? ನಾಚಿಕೆ ಆಯ್ತು. 'ಹೌದು ಸಾರ್, ಬರ್ತಿದೆ, ಟ್ಯಾಂಕಿಂದೇ ಇರಬೇಕು' ಅಂದೆ."

ಎಲ್ಲೋ ಒಂದು ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆಮೇಲೆ?" ಎಂದಳು.

"ಆಮೇಲೆ ನಕ್ಕರು. ಅಂಥ ನಗು ನಾನು ನೋಡಿಲ್ಲ. ನನ್ನ ಎರಡೂ ಭುಜ ಹಿಡ್ಕೊಂಡು ಅಲ್ಲಾಡಿಸಿದ್ರು. 'ಟ್ಯಾಂಕಿಂದಾ? ಟ್ಯಾಂಕಿಂದೇ ತಾನೇ?' ಅಂತ ಎಷ್ಟು ಸಲ ಕೇಳಿದ್ರೋ. ನನ್ನ ಬಿಯರ್ ಕೆಟ್ಟಿದೆ ಅಂದ್ರೆ ಇವರಿಗೆ ಯಾಕಪ್ಪ ಇಷ್ಟು ಖುಷಿ ಅಂತ ಒಳಗೇ ಉರಿದುಹೋಯ್ತು ನಂಗೆ. ಹೊರಗೆ ಹೋಗಿ ನಿಮ್ಮ ಹತ್ರ, ಇದರಂಥದ್ದು ಇನ್ನೊಂದಿಲ್ಲ ಅಂತ ಹೇಳ್ತಿದ್ದಿದ್ದು ನಂಗೆ ಇಲ್ಲಿಗೇ ಕೇಳಿಸ್ತು. ಗೇಲಿ ಮಾಡ್ತಿದ್ದಾರೆ ಅಂದುಕೊಂಡೆ. ಮಾರನೇ ದಿನ ಎದ್ದು ಒಂದು ಗುಟುಕು ಕುಡಿದೆ. ಬಂತು."

"ಏನು ಬಂತು ಮಾವಾ?" ಸೊಸೆಯ ದನಿ ಈಗ ಸಣ್ಣದಾಗಿತ್ತು.

"ಕಬ್ಬಿಣ. ಸುಳ್ಳು ಹೇಳಿದ ಬಾಯಿಗೆ ನಿಜವಾಗ್ಲೂ ಬಂತು. ಅದಕ್ಕೇ ಟ್ಯಾಂಕು ಖಾಲಿ ಮಾಡಿದ್ದು. ಪೈಪು ಬದಲಿಸಿದ ಮೇಲೂ ಬಂತು. ಚಹಾದಲ್ಲೂ ಬರುತ್ತೆ. ಅವರು ಬಂದು ಇಲ್ಲ ಅಂದ್ರೆ ಹೋಗುತ್ತೆ ಅಂತ ಕಾದೆ."

ಅವರು ಮೂರನೆಯ ಟ್ಯಾಂಕಿನ ನಲ್ಲಿ ತಿರುಗಿಸಿ ಒಂದು ಗ್ಲಾಸಿಗೆ ಕೆಂಪು ಬಿಯರ್ ಹಿಡಿದರು. ಕುಡಿದರು. ಕಣ್ಣು ಮುಚ್ಚಿ ಬಾಯಲ್ಲೇ ಇಟ್ಟುಕೊಂಡರು. ನುಂಗಿದರು. ಇಬ್ಬರು ಹೆಂಗಸರೂ ಅವರ ಗಂಟಲನ್ನೇ ನೋಡುತ್ತಿದ್ದರು.

"ಈಗಲೂ ಇದೆ" ಎಂದರು.

ಅವಳು ಟ್ಯಾಂಕಿಗೂ ಗೋಡೆಗೂ ನಡುವಿನ ಆ ಕಿರಿದಾದ ಜಾಗ ನೋಡಿದಳು. ಅವನು ಎಲ್ಲವನ್ನೂ ತಿಳಿದುಕೊಂಡೇ ಅವಳ ಜೊತೆ ಬಸ್ಸು ಹತ್ತಿದ್ದ. ಎರಡು ತಿಂಗಳಿಂದ ಮಾತ್ರೆ ನುಂಗುತ್ತ, ದಿನಾ ಬೆಳಿಗ್ಗೆ ಬಾಯಲ್ಲಿ ಆ ರುಚಿ ಬಂತೇ, ಇನ್ನೂ ಇಲ್ಲವೇ ಎಂದು ಕಾಯುತ್ತಿದ್ದ. ಇಲ್ಲಿ, ಅವಳಿಂದ ಒಂದೇ ಗೋಡೆಯಾಚೆ, ಅದು ಬಂತು. ಒಬ್ಬನೇ ನಿಂತು ಹೆದರಿದ. ಅವಳು ಹಬೆಯ ಫೋಟೋ ತೆಗೆಯುತ್ತಿದ್ದಳು. ಆಗ ಒಬ್ಬ ಮುದುಕ ತನ್ನ ಮರ್ಯಾದೆ ಉಳಿಸಿಕೊಳ್ಳಲು ಒಂದು ಸುಳ್ಳು ಹೇಳಿದ. ಆ ಸುಳ್ಳನ್ನು ಎದೆಗವಚಿಕೊಂಡು ಅವನು ಹೊರಗೆ ಬಂದ. ತನಗೆ ಅದೃಷ್ಟವಿದೆ, ನಾಲಿಗೆಯ ಹಾಗೆ ತಾನೂ ಉಳಿಯುತ್ತೇನೆ ಎಂದುಕೊಂಡ. ಮುಂದಿನ ವರ್ಷ ಎಂದು ಬಾಯಿಬಿಟ್ಟು ಹೇಳುವಷ್ಟು.

ಅವನು ಅವಳಿಗೆ ಸುಳ್ಳು ಹೇಳಿರಲಿಲ್ಲ. ಆ ಸಂಜೆಯ ಮಟ್ಟಿಗೆ ಹೇಳಿರಲಿಲ್ಲ.

"ಎಲ್ಲಿ ನಿಂತಿದ್ರು?" ಎಂದಳು.

ಮಾವ ಎದ್ದರು. ಅವಳ ಮೊಣಕೈ ಹಿಡಿದು, ಒದ್ದೆ ನೆಲದ ಮೇಲೆ ಕಾಲು ಜಾರದಂತೆ ಕರೆದೊಯ್ದು, ಟ್ಯಾಂಕಿನ ಎಡಕ್ಕೆ, ನಲ್ಲಿಗೆ ಒಂದು ಮಾರು ದೂರದಲ್ಲಿ ನಿಲ್ಲಿಸಿದರು. "ಇಲ್ಲಿ. ಮುಖ ಈ ಕಡೆಗೆ. ನಾನು ಇಲ್ಲಿ."

ಅವಳ ಭುಜದ ಹತ್ತಿರ ಟ್ಯಾಂಕಿನ ತಗಡು ತಣ್ಣಗೆ ಉಸಿರಾಡುತ್ತಿತ್ತು. ಎದುರಿಗೆ ಮಾವನ ಮುಖ, ಅವನು ಅವತ್ತು ನೋಡಿದಷ್ಟೇ ದೂರದಲ್ಲಿ.

"ಇನ್ನೊಂದು ಸಲ ಹೇಳಿ ಮಾವಾ" ಎಂದಳು. "ಮೊದಲಿಂದ. ಏನೂ ಬಿಡಬೇಡಿ."

ಮಾವ ಗಂಟಲು ಸರಿಮಾಡಿಕೊಂಡರು. ಸೊಸೆ ಹೋಗಿ ತೊಟ್ಟಿಕ್ಕುತ್ತಿದ್ದ ಕೊಳವೆಯನ್ನು ಬಿಗಿ ಮಾಡಿ ಬಂದು ಬಾಗಿಲಿಗೆ ಒರಗಿ ನಿಂತಳು.

"ನೀವು ಹೊರಗೆ ಇದ್ರಿ" ಎಂದು ಮಾವ ಶುರುಮಾಡಿದರು. "ಅವರು ಒಬ್ಬರೇ ಒಳಗೆ ಬಂದ್ರು. 'ಏನ್ ಯಜಮಾನ್ರೇ, ಈ ವರ್ಷ ಏನು ವಿಶೇಷ' ಅಂದ್ರು. ನಾನು ಗ್ಲಾಸು ಕೊಟ್ಟೆ..."